ಕಾಯೋಣ ಅಂದದ್ದು, ಆಮೇಲೆ ಕೊಟ್ಟದ್ದು

"ರೇಡಿಯೇಷನ್ ಯಾವತ್ತಿಂದ ಡಾಕ್ಟ್ರೇ?" ಆಪರೇಷನ್ ಆಗಿ ತಿಂಗಳಿಗೆ ಬಂದ ಹುಡುಗ ಕೂರುವ ಮೊದಲೇ ಕೇಳಿದ. ವಯಸ್ಸು ಇಪ್ಪತ್ತಾರು. ಮೆದುಳಿನೊಳಗೆ ನೀರು ತುಂಬಿರುವ ಕೋಣೆಗಳಿರುತ್ತವಲ್ಲ, ಅಲ್ಲಿ ಬೆಳೆದ ಗಡ್ಡೆ. ಸೆಂಟ್ರಲ್ ನ್ಯೂರೋಸೈಟೋಮಾ, ಗ್ರೇಡ್ 2, ಅಂದರೆ ನಾಲ್ಕು ಮೆಟ್ಟಿಲಲ್ಲಿ ಎರಡನೆಯದು. ವೈದ್ಯರು ಇದನ್ನು ಪ್ರತ್ಯೇಕ ಗಡ್ಡೆ ಅಂತ ಗುರುತಿಸಿದ್ದೇ 1982ರಲ್ಲಿ, ಅಷ್ಟು ಅಪರೂಪ. ಸರ್ಜನ್ ಬಹುಪಾಲು ತೆಗೆದಿದ್ದರು. ನೆನಪಿನ ದಾರಿಗೆ ಅಂಟಿಕೊಂಡಿದ್ದ ಒಂದು ಚೂರನ್ನು ಬೇಕಂತಲೇ ಬಿಟ್ಟಿದ್ದರು.

ನಾನು "ಈಗ ಬೇಡ, ಕಾಯೋಣ" ಅಂದೆ. ಅವನ ಅಪ್ಪನಿಗೆ ಸಿಟ್ಟೇ ಬಂತು. ಗಡ್ಡೆ ಉಳಿದಿದೆ, ಮೆಷಿನ್ ಇದೆ, ಮತ್ತೆ ಸುಮ್ನೆ ಕೂರೋದು ಯಾಕೆ?

ಉಳಿದ ಚೂರಿಗೆ ಕೂಡಲೇ ಕೊಡುವ ವೈದ್ಯರೂ ಇದ್ದಾರೆ, ಅದು ತಪ್ಪಲ್ಲ. ಆದರೆ ಪೆಥಾಲಜಿ ರಿಪೋರ್ಟಿನಲ್ಲಿ ಗಡ್ಡೆಯ ವೇಗ ತೋರಿಸುವ ಕೆಐ-67 ಅನ್ನೋ ಅಳತೆ ನೂರಕ್ಕೆ ಒಂದು, ಅಂದರೆ ಜೀವಕೋಶಗಳು ಬಹಳ ನಿಧಾನ ಒಡೆಯುತ್ತಿವೆ. ಎರಡು ಮೂರು ದಾಟಿದ್ದರೆ ನಾನೂ ಕಾಯುತ್ತಿರಲಿಲ್ಲ. ಇಂಥ ಅಪರೂಪದ ಗಡ್ಡೆಗಳಿಗೆ ದೊಡ್ಡ ಟ್ರಯಲ್ ಇಲ್ಲ. ಹಾಗಾಗಿ ಅಣ್ಣತಮ್ಮಂದಿರಂಥ ಬೇರೆ ಮೆದುಳು ಗಡ್ಡೆಗಳ ಲೆಕ್ಕ ನೋಡುತ್ತೇವೆ. ನಿಧಾನ ಬೆಳೆಯುವ ಗ್ಲಯೋಮಾ ಅನ್ನೋ ಗಡ್ಡೆಗಳ ಮೇಲೆ ಯುರೋಪಿನಲ್ಲಿ ನಡೆದ ಟ್ರಯಲ್ 2005ರಲ್ಲಿ ಪ್ರಕಟವಾಯಿತು. ಕೂಡಲೇ ರೇಡಿಯೇಷನ್ ಕೊಟ್ಟವರಲ್ಲಿ ಗಡ್ಡೆ ಮತ್ತೆ ಬೆಳೆಯದೆ ಸುಮಾರು 5.3 ವರ್ಷ ತಡೆಯಿತು, ಕಾದವರಲ್ಲಿ 3.4 ವರ್ಷ. ಬದುಕಿದ್ದು ಮಾತ್ರ 7.4 ಮತ್ತು 7.2 ವರ್ಷ, ಹೆಚ್ಚೂಕಡಿಮೆ ಒಂದೇ. ಆದರೆ ಕೊಟ್ಟವರಲ್ಲಿ ಫಿಟ್ಸ್ ಕಡಿಮೆಯಾಗಿತ್ತು, ಅದನ್ನು ಮರೆಯಬಾರದು. ಈ ಹುಡುಗನಿಗೆ ಫಿಟ್ಸ್ ಇರಲಿಲ್ಲ.

ಎರಡು ವರ್ಷದ ಮೇಲೆ ಎಂಆರ್‌ಐನಲ್ಲಿ ಚೂರು ದಪ್ಪಗಾಗಿತ್ತು. ಮತ್ತೆ ಆಪರೇಷನ್ ಮಾಡಿದರೆ ನೆನಪಿಗೆ ಪೆಟ್ಟು ಅಂತ ಸರ್ಜನ್ ಹೇಳಿದರು. ಈಗ ಶುರು ಮಾಡೋಣ ಅಂದೆ.

ಬಿಸಿನೀರಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಮಾಸ್ಕ್ ಮಾಡಿದೆವು. ತಲೆ ಕದಲಬಾರದಲ್ಲ. ಒಟ್ಟು 54 ಗ್ರೇ (ರೇಡಿಯೇಷನ್ ಡೋಸಿನ ಅಳತೆ), ದಿನಕ್ಕೆ 1.8ರಂತೆ 30 ಸಿಟ್ಟಿಂಗ್, ವಾರಕ್ಕೆ ಐದು ದಿನ. ಮಧ್ಯೆ ಬಿಡುವು ಸಿಕ್ಕರೆ ಒಳ್ಳೆಯ ಜೀವಕೋಶಗಳು ರಿಪೇರಿ ಮಾಡಿಕೊಳ್ಳುತ್ತವೆ.

ಯಾವ ಕೋನದಿಂದ ಎಷ್ಟು ಡೋಸ್ ಅನ್ನೋ ಪ್ಲಾನ್ ಮಾತ್ರ ಮೂರು ಸಲ ತಿರುಗಿ ಮಾಡಿಸಿದೆ. ಈ ಗಡ್ಡೆಗೆ ಅಂಚು ಸ್ಪಷ್ಟವಾಗಿರುತ್ತದೆ, ಹಾಗಾಗಿ ಸುತ್ತ ಜಾಸ್ತಿ ಜಾಗಕ್ಕೆ ಡೋಸ್ ಬೇಡ. ಮೊದಲ ಪ್ಲಾನ್‌ನಲ್ಲಿ ಗಡ್ಡೆ ಚೆನ್ನಾಗಿಯೇ ಕವರ್ ಆಗಿತ್ತು. ಆದರೆ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ಗೆ ಬೇಡದಷ್ಟು ಡೋಸ್ ಹೋಗುತ್ತಿತ್ತು. ಹೊಸ ನೆನಪು ಕೂಡಿಡುವ ಜಾಗ ಅದು. ಇನ್ನೂ ಐವತ್ತು ವರ್ಷ ಬದುಕಬೇಕಾದವನ ತಲೆ, ಅಲ್ವಾ? ಫಿಸಿಸಿಸ್ಟ್ ಗೊಣಗಿದರೂ ಬೀಮ್‌ಗಳ ಕೋನ ಬದಲಿಸಿ ಆಚೆ ಬದಿಯದನ್ನಾದರೂ ಉಳಿಸಿಕೊಟ್ಟರು. ಕಣ್ಣಿನ ನರಕ್ಕೆ ತೊಂದರೆ ಇರಲಿಲ್ಲ, ದೂರದಲ್ಲಿತ್ತು.

ನಾಲ್ಕನೇ ವಾರಕ್ಕೆ ಸುಸ್ತು, ಒಂದು ಕಡೆ ಕೂದಲು ಉದುರಿತು. ಅಷ್ಟೇ.

ಮುಗಿದ ಮೂರು ತಿಂಗಳಿಗೆ ಸ್ಕ್ಯಾನ್. ಗಡ್ಡೆ ಹಾಗೇ ಇತ್ತು. ಅಪ್ಪನ ಮುಖ ಬಾಡಿತು. ನಾನು ಗಾಬರಿಯಾಗಲಿಲ್ಲ, ಯಾಕೆಂದರೆ ಹಿಂದೆ ಒಮ್ಮೆ ಆಗಿ ಕಲಿತಿದ್ದೆ. ಪೈಲೊಸೈಟಿಕ್ ಆಸ್ಟ್ರೋಸೈಟೋಮಾ ಅನ್ನೋ ಇನ್ನೊಂದು ಬಗೆಯ ಮೆದುಳು ಗಡ್ಡೆ ಇದ್ದ ಮಗುವಿಗೆ ರೇಡಿಯೇಷನ್ ಆದ ಮೇಲೆ ಗಡ್ಡೆ ಊದಿಕೊಂಡಿತ್ತು. ಚಿಕಿತ್ಸೆ ಸೋತಿತು ಅಂತ ಕೀಮೋಥೆರಪಿ ಬರೆದೇ ಬಿಡುತ್ತಿದ್ದೆ. ಹಿರಿಯರೊಬ್ಬರು ತಡೆದರು. ಆರು ತಿಂಗಳಲ್ಲಿ ಊತ ತಾನಾಗಿ ಇಳಿಯಿತು.

ಹುಡುಗನ ಚೂರು ಒಂದೂವರೆ ವರ್ಷದ ಮೇಲೆ ಸಣ್ಣಗಾಗತೊಡಗಿತು. ಇನ್ನೂ ಪೂರ್ತಿ ಹೋಗಿಲ್ಲ. ವರ್ಷಕ್ಕೊಂದು ಎಂಆರ್‌ಐ, ಜೊತೆಗೆ ನೆನಪಿನ ಪರೀಕ್ಷೆ. ಕಳೆದ ಸಲ ಹದಿನೈದು ಪದಗಳಲ್ಲಿ ಹದಿಮೂರು ಹೇಳಿದ. ಉಳಿದ ಎರಡು ನನಗೂ ನೆನಪಿರಲಿಲ್ಲ.