‘ಏನೂ ಮಾಡಂಗಿಲ್ರೀ’: ಜನಗಣತಿಯ ಕೆಲಸದ ಖಾನೆ ನಾನು ತುಂಬಿದ ಬಗೆ

ಜನಗಣತಿ ನಮೂನೆಯಲ್ಲಿ ಹೆಸರು, ವಯಸ್ಸು, ಓದು ಬರೆದುಕೊಳ್ಳುವುದು ಸಲೀಸು. ಪೆನ್ನು ನಿಲ್ಲುವುದು ಕೆಲಸದ ಖಾನೆಗಳ ಹತ್ತಿರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. 2001ರಲ್ಲಿ ಬ್ಯಾಡಗಿ ಕಡೆಯ ಒಂದು ಹಳ್ಳಿಯಲ್ಲಿ, 2011ರಲ್ಲಿ ಗದಗ-ಬೆಟಗೇರಿಯಲ್ಲಿ ಗಣತಿ ಮಾಡಿದ್ದೇನೆ. ಎರಡೂ ಸಲ ಫೆಬ್ರವರಿ 9ರಿಂದ 28ರವರೆಗೆ ಮನೆ ಮನೆ ಓಡಾಟ. ಈಗ ಮುಂದಿನ ಗಣತಿ 2027ಕ್ಕೆ ಬಂದಿದೆ. ಶಾಲೆಯ ಹೊಸ ಶಿಕ್ಷಕರು ‘ಉದ್ಯೋಗದ ಕಾಲಂ ಹೆಂಗ ತುಂಬೋದ್ರೀ ಅಕ್ಕೋರ?’ ಅಂತ ಕೇಳುತ್ತಿದ್ದಾರೆ. ನಾನು ಮಾಡಿದ್ದನ್ನು ಹಾಗೇ ಬರೆದಿಡುತ್ತಿದ್ದೇನೆ.

2011ರ ನಮೂನೆಯಲ್ಲಿ 29 ಪ್ರಶ್ನೆಗಳಿದ್ದವು. 15ನೆಯದರಿಂದ ಕೆಲಸದ ವಿಚಾರ ಶುರು. ಹಿಂದಿನ ಒಂದು ವರ್ಷದಲ್ಲಿ ಯಾವಾಗಲಾದರೂ ಕೆಲಸ ಮಾಡಿದ್ದಾರಾ ಅನ್ನುವುದು ಮೊದಲ ಪ್ರಶ್ನೆ. ಆರು ತಿಂಗಳು ಅಥವಾ ಜಾಸ್ತಿ ಮಾಡಿದ್ದರೆ ಮುಖ್ಯ ಕೆಲಸಗಾರರು, ಕಡಿಮೆ ಮಾಡಿದ್ದರೆ ಅಲ್ಪಕಾಲಿಕ ಕೆಲಸಗಾರರು. ಆಮೇಲೆ ನಾಲ್ಕು ಗುಂಪು: ಸಾಗುವಳಿದಾರ, ಕೃಷಿ ಕೂಲಿ, ಮನೆ ಕೈಗಾರಿಕೆ, ಇತರೆ ಕೆಲಸ. ಕೊನೆಯ ಎರಡು ಗುಂಪಿನವರಿಗೆ ಮಾತ್ರ ಮುಂದಿನ ಪ್ರಶ್ನೆಗಳು. ಅವರ ಕೈಯಲ್ಲಿ ನಡೆಯುವ ಕೆಲಸ ಏನು, ಅದು ಯಾವ ಉದ್ದಿಮೆಯೊಳಗಿನದು, ಅವರು ಮಾಲೀಕರಾ, ನೌಕರರಾ, ಒಬ್ಬರೇ ದುಡಿಯುವವರಾ, ಮನೆಯವರ ಕಸುಬಿಗೆ ಸಂಬಳವಿಲ್ಲದೆ ಕೈಜೋಡಿಸುವವರಾ ಅಂತ.

ಇದರಲ್ಲಿ ಕಷ್ಟ ಏನಿದೆ ಅಂತ ತರಬೇತಿಯಲ್ಲಿ ಕೂತಾಗ ಅನಿಸುತ್ತದೆ. ಬೆಟಗೇರಿಯ ಒಂದು ನೇಕಾರರ ಮನೆಗೆ ಹೋದರೆ ತಿಳಿಯುತ್ತದೆ. ಗಂಡ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ಲಾಳಿ ಆಕಡೆ ಈಕಡೆ ಓಡುತ್ತಿತ್ತು. ಕೆಲಸ ನಿಲ್ಲಿಸದೆ ಒಂದೊಂದೇ ಉತ್ತರ ಕೊಟ್ಟರು. ಸ್ವಂತ ನೂಲು ತರುತ್ತಾರೆ, ಸೀರೆ ನೇಯ್ದು ಮಾರುತ್ತಾರೆ. ಬರೆದುಕೊಂಡೆ. ಪಕ್ಕದಲ್ಲೇ ಹೆಂಡತಿ ರಾಟಿ ಮುಂದೆ ಕೂತು ಕಂಡಿಕೆ (ಲಾಳಿಯೊಳಗೆ ಹಾಕುವ ನೂಲಿನ ಸುರುಳಿ) ಸುತ್ತುತ್ತಿದ್ದರು. ‘ನೀವೇನ್ ಕೆಲಸ ಮಾಡ್ತೀರವ್ವಾ?’ ಅಂದೆ. ‘ನಾ ಏನೂ ಮಾಡಂಗಿಲ್ರೀ ಅಕ್ಕೋರ. ಮನ್ಯಾಗ ಇರ್ತೀನ್ರಿ’ ಅಂದರು. ಬಲಗೈ ರಾಟಿ ತಿರುಗಿಸುತ್ತಲೇ ಇತ್ತು, ಎಡಗೈ ಬೆರಳ ನಡುವೆ ನೂಲು ಹರಿಯುತ್ತಲೇ ಇತ್ತು.

ಅವರು ಹೇಳಿದ್ದನ್ನೇ ನಂಬಿ ‘ಮನೆಗೆಲಸ’ ಅಂತ ಹಾಕಿದ್ದರೆ ಆ ಹೆಣ್ಣುಮಗಳು ದೇಶದ ಲೆಕ್ಕದಲ್ಲಿ ಕೆಲಸ ಮಾಡದವರ ಸಾಲಿಗೆ ಸೇರುತ್ತಿದ್ದರು. ಹಾಗಾಗಿ ನಾನು ಪ್ರಶ್ನೆ ಬದಲಿಸಿದೆ. ‘ಈ ಕಂಡಿಕಿ ದಿನಾ ನೀವ ಸುತ್ತತೀರೇನು?’ ‘ಮತ್ಯಾರ ಸುತ್ತಬೇಕ್ರಿ! ಇವು ಇಲ್ಲಂದ್ರ ಮಗ್ಗ ಹೆಂಗ ನಡೀಬೇಕ್ರಿ.’ ‘ವರ್ಷಾಪೂರ್ತಿ?’ ‘ಹಬ್ಬಕ್ಕ ಎರಡ ದಿನ ಬಿಡತೀವ್ರಿ.’ ಅಲ್ಲಿಗೆ ಮುಗಿಯಿತು. ಮುಖ್ಯ ಕೆಲಸಗಾರರು. ಮನೆ ಕೈಗಾರಿಕೆ. ಕೆಲಸ: ಕೈಮಗ್ಗಕ್ಕೆ ಕಂಡಿಕೆ ಸುತ್ತುವುದು. ಉದ್ದಿಮೆ: ಕೈಮಗ್ಗದ ಸೀರೆ ತಯಾರಿಕೆ. ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು.

ಗಣತಿಯ ಲೆಕ್ಕಕ್ಕೆ ಕೂಲಿ, ಸಂಬಳ ಸಿಗಲೇಬೇಕು ಅಂತಿಲ್ಲ. ಹೊಲದಲ್ಲಿ, ಮನೆಯ ಕಸುಬಿನಲ್ಲಿ ದುಡ್ಡಿಲ್ಲದೆ ದುಡಿದರೂ ಅದು ಕೆಲಸವೇ. 1991ರ ಗಣತಿಯಲ್ಲಿ ಈ ಮಾತನ್ನು ಪ್ರಶ್ನೆಯೊಳಗೇ ಸೇರಿಸಿದರು. ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೆ ಬರಲಿ ಅನ್ನುವುದೇ ಅದರ ಉದ್ದೇಶ. ಮನೆ ಮಟ್ಟಿಗೆ ಅಂತ ಎಮ್ಮೆ ಕಟ್ಟಿ ಹಾಲು ಕರೆದರೂ ಕೆಲಸ. ಆದರೆ ಮನೆಮಂದಿಗೆ ಅಡುಗೆ ಮಾಡಿದರೆ, ನೀರು ತಂದರೆ ಕೆಲಸ ಅಲ್ಲ. ಈ ಗೆರೆ ಸರಿಯಿಲ್ಲ ಅಂತ ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ. ಮುಂಜಾನೆ ಐದಕ್ಕೆ ಎದ್ದು ಹತ್ತು ಮಂದಿಗೆ ರೊಟ್ಟಿ ಬಡಿಯುವುದು ದುಡಿಮೆಯಲ್ಲದೆ ಮತ್ತೇನು? ಆದರೂ ಗಣತಿದಾರರು ಇರುವ ನಿಯಮದ ಪ್ರಕಾರವೇ ಬರೆಯಬೇಕು. ಒಬ್ಬೊಬ್ಬರು ಒಂದೊಂದು ಥರ ಬರೆದರೆ ಲೆಕ್ಕ ಹೊಂದುವುದಿಲ್ಲ. ಅದೇ ಜೋಳದ ರೊಟ್ಟಿಯನ್ನು ಮನೆಯಲ್ಲಿ ಬಡಿದು ಖಾನಾವಳಿಗೆ ಮಾರಿದರೆ ಅದು ಮನೆ ಕೈಗಾರಿಕೆ. ಖಾನಾವಳಿಗೇ ಹೋಗಿ ಬಡಿದರೆ ಇತರೆ ಕೆಲಸ, ಅಲ್ಲಿ ಅವರು ನೌಕರರು. ಮಗ್ಗಕ್ಕೂ ಇದೇ ಮಾತು. ಸ್ವಂತ ಮನೆಯ ಮಗ್ಗ ಒಂದು ಗುಂಪಿಗೆ, ಬೇರೆಯವರ ಶೆಡ್ಡಿನ ಮಗ್ಗ ಇನ್ನೊಂದು ಗುಂಪಿಗೆ. ಪಟ್ಟಣದಲ್ಲಿ ಮನೆ ಕೈಗಾರಿಕೆ ಅಂದರೆ ವಾಸದ ಮನೆಯ ಆವರಣದೊಳಗೇ ನಡೆಯಬೇಕು. ಹಳ್ಳಿಯಲ್ಲಾದರೆ ಊರೊಳಗೆ ಎಲ್ಲಿದ್ದರೂ ನಡೆಯುತ್ತದೆ. ಬರೀ ತಂದು ಮಾರುವುದು ಇದಕ್ಕೆ ಸೇರುವುದಿಲ್ಲ, ಏನಾದರೂ ತಯಾರಾಗಬೇಕು ಇಲ್ಲವೇ ರಿಪೇರಿ ಆಗಬೇಕು.

ಇನ್ನು ತಿಂಗಳ ಲೆಕ್ಕ. ‘ವರ್ಷದಾಗ ಎಷ್ಟ ತಿಂಗಳ ದುಡೀತೀರಿ?’ ಅಂತ ನೇರವಾಗಿ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಬ್ಯಾಡಗಿ ಕಡೆ ನಾನು ಹಬ್ಬ ಹಿಡಿದು ಕೇಳಿದೆ. ಒಬ್ಬ ತಾಯಿ ಹೇಳಿದ್ದು ಹೀಗೆ. ಕಾರಹುಣ್ಣಿಮೆಯಿಂದ ಪಂಚಮಿವರೆಗೆ ಕಳೆ ತೆಗೆಯಲು ಹೋಗುತ್ತಾರೆ, ಅದು ಎರಡು ತಿಂಗಳು. ದೀಪಾವಳಿ ಆಸುಪಾಸು ಹತ್ತಿ ಬಿಡಿಸಲು ಇನ್ನೆರಡು ತಿಂಗಳು. ಎಳ್ಳಮಾವಾಸ್ಯೆ ದಾಟಿದ ಮೇಲೆ ಯುಗಾದಿವರೆಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ, ಮೂರು ತಿಂಗಳು. ಒಂದೊಂದೇ ನೋಡಿದರೆ ಯಾವುದೂ ಆರು ತಿಂಗಳಿಲ್ಲ. ಕೂಡಿಸಿದರೆ ಏಳು ತಿಂಗಳು. ಅವರು ಮುಖ್ಯ ಕೆಲಸಗಾರರು. ಜಾಸ್ತಿ ದಿನ ಹೊಲದ ಕೂಲಿ ಇದ್ದುದರಿಂದ ಕೃಷಿ ಕೂಲಿ ಗುಂಪಿಗೆ ಹಾಕಿದೆ.

ಅಲ್ಲಿ ನನಗೊಂದು ಬೇಸರ ಉಳಿಯಿತು. ನಮೂನೆಯಲ್ಲಿ ಒಬ್ಬರಿಗೆ ಒಂದೇ ಕೆಲಸಕ್ಕೆ ಜಾಗ. ಆ ತಾಯಿಯ ಮೂರು ತಿಂಗಳ ಮೆಣಸಿನಕಾಯಿ ಕೆಲಸ ಎಲ್ಲೂ ಕಾಣುವುದಿಲ್ಲ. ಕಣ್ಣು ಉರಿಯುತ್ತದೆ, ಬೆರಳ ತುದಿ ರಾತ್ರಿಯೆಲ್ಲ ಉರಿಯುತ್ತದೆ, ಅಂಥ ಕೆಲಸ ಅದು. ಇನ್ನೊಂದು ಮಾತು. ಗಣತಿ ನಡೆಯುವುದು ಫೆಬ್ರವರಿಯಲ್ಲಿ, ಮೆಣಸಿನಕಾಯಿ ಹಂಗಾಮಿನ ನಡುವೆ. ಕೇಳಿದವರೆಲ್ಲ ಈಗ ಮಾಡುತ್ತಿರುವುದನ್ನೇ ಹೇಳುತ್ತಾರೆ. ಪ್ರಶ್ನೆ ಮಾತ್ರ ಇಡೀ ವರ್ಷದ್ದು. ಮುಂಗಾರಿನಿಂದ ಕೇಳುತ್ತಾ ಬಂದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ಹೊಲದ ವಿಚಾರದಲ್ಲಿ ಉತಾರ (ಪಹಣಿ) ಯಾರ ಹೆಸರಿಗಿದೆ ಅಂತ ನೋಡಲು ಹೋಗಬೇಡಿ. ಲಾವಣಿ (ಗೇಣಿ) ಹಾಕಿಕೊಂಡು ಉಳುವವರೂ ಸಾಗುವಳಿದಾರರೇ, ಪಾಲಿಗೆ ಮಾಡುವವರೂ ಅವರೇ. ಗಂಡನ ಜೊತೆ ಬಿತ್ತಿ ಬೆಳೆಯುವ ಹೆಂಡತಿಯೂ ಸಾಗುವಳಿದಾರಳು. ಪೇಟೆಯಲ್ಲಿ ಕೂತು ಬರೀ ಲಾವಣಿ ಹಣ ತೆಗೆದುಕೊಳ್ಳುವ ಹೊಲದ ಒಡೆಯ ಸಾಗುವಳಿದಾರ ಅಲ್ಲ. ಹಾನಗಲ್ ಕಡೆ ಹೋಗುವವರು ಇನ್ನೊಂದು ನೆನಪಿಡಿ: 2011ರ ನಿಯಮದಲ್ಲಿ ಅಡಿಕೆ, ತೆಂಗು ತೋಟದ ಬೆಳೆ. ಬರೀ ಅದನ್ನೇ ಮಾಡುವವರು ಸಾಗುವಳಿದಾರರ ಗುಂಪಿಗೆ ಬರುವುದಿಲ್ಲ, ಇತರೆ ಕೆಲಸಕ್ಕೆ ಹೋಗುತ್ತಾರೆ.

ಕೆಲಸ ಮತ್ತು ಉದ್ದಿಮೆ ಬೇರೆ ಬೇರೆ ಖಾನೆ ಯಾಕೆ ಅಂತ ಬಹಳ ಮಂದಿ ಕೇಳುತ್ತಾರೆ. ಗದಗಿನಿಂದ ದಿನಾ ರೈಲು ಹತ್ತಿ ಹುಬ್ಬಳ್ಳಿ ರೈಲ್ವೆ ಕಾರ್ಯಾಗಾರಕ್ಕೆ ಹೋಗುವವರನ್ನು ತಗೊಳ್ಳಿ. ‘ರೈಲ್ವೇದಾಗ ಅದೀನ್ರಿ’ ಅನ್ನುತ್ತಾರೆ. ಅದು ಎಲ್ಲಿ ದುಡಿಯುತ್ತಾರೆ ಅನ್ನುವುದಷ್ಟೇ. ಅವರು ಫಿಟ್ಟರಾ, ಗುಮಾಸ್ತರಾ, ಕ್ಯಾಂಟೀನಿನಲ್ಲಿ ಅಡುಗೆಯವರಾ? ಮೂವರ ಉದ್ದಿಮೆ ಒಂದೇ, ಕೆಲಸ ಮೂರು. ‘ದಿನಾ ಹೋದ ಕೂಡ್ಲೆ ಏನ್ ಮಾಡ್ತೀರಿ?’ ಅಂತ ಕೇಳಿದರೆ ಸರಿಯಾದ ಉತ್ತರ ತಾನೇ ಬರುತ್ತದೆ.

ನಾವು ಬರೆದ ಮಾತಿಗೆ ಸಂಖ್ಯೆ ಹಾಕುವವರು ಬೇರೆ. ನಮೂನೆಗಳು ದೂರದ ಕೇಂದ್ರಕ್ಕೆ ಹೋಗುತ್ತವೆ. ಅಲ್ಲಿ ಕೂತವರು ಬೆಟಗೇರಿ ನೋಡಿದವರಲ್ಲ. 2011ರಲ್ಲಿ ಕೆಲಸಕ್ಕೆ 2004ರ ರಾಷ್ಟ್ರೀಯ ಉದ್ಯೋಗ ವರ್ಗೀಕರಣ, ಉದ್ದಿಮೆಗೆ 2008ರ ಕೈಗಾರಿಕಾ ವರ್ಗೀಕರಣ ಬಳಸಿದರು. ಉದ್ಯೋಗಗಳಲ್ಲಿ 1ರಿಂದ 9ರವರೆಗೆ ದೊಡ್ಡ ವಿಭಾಗಗಳು. ಗೌಂಡಿ ಕುಶಲಕರ್ಮಿ, ಅವರು 7ನೇ ವಿಭಾಗಕ್ಕೆ. ಅವರಿಗೆ ಬುಟ್ಟಿ ಎತ್ತಿಕೊಡುವವರು 9ಕ್ಕೆ. ಆದರೆ ಕೇಳಿದರೆ ಇಬ್ಬರೂ ‘ಕೂಲಿ ಮಾಡ್ತೀವ್ರಿ’ ಅನ್ನುತ್ತಾರೆ. ಬರೀ ‘ಕೂಲಿ’ ಅಂತ ಬರೆದರೆ ಇಪ್ಪತ್ತು ವರ್ಷ ಗೋಡೆ ಕಟ್ಟಿದ ಗೌಂಡಿಯೂ 9ಕ್ಕೇ ಹೋಗುತ್ತಾರೆ. ಎಷ್ಟು ನುರಿತ ಕೈಗಳಿವೆ ಅನ್ನುವ ಲೆಕ್ಕವೇ ತಪ್ಪುತ್ತದೆ. ‘ಬಿಸಿನೆಸ್’, ‘ಪ್ರೈವೇಟ್’, ‘ನೌಕರಿ’ ಅಂತ ಬರೆದರಂತೂ ಯಾವ ವಿಭಾಗಕ್ಕೂ ಸೇರಿಸಲಾಗದು. ಅದಕ್ಕೇ ನಾನು ಪ್ರತಿ ಸಲ ಕ್ರಿಯಾಪದ ಹಾಕಿಯೇ ಬರೆಯುತ್ತಿದ್ದೆ: ಇಟ್ಟಿಗೆ ಗೋಡೆ ಕಟ್ಟುವುದು, ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವುದು, ಎಪಿಎಂಸಿಯಲ್ಲಿ ಚೀಲ ಹೊರುವುದು.

ಕೆಲವರು ಬೇಕಂತಲೇ ‘ಕೂಲಿ ಅಂತ ಬರ್ಕೊಳ್ರಿ’ ಅನ್ನುತ್ತಾರೆ. ರೇಷನ್ ಕಾರ್ಡು ಹೋದೀತು ಅನ್ನುವ ಭಯ. ಅದನ್ನು ಸುಮ್ನೆ ತಳ್ಳಿಹಾಕಬಾರದು. ನಾನು ಪುಸ್ತಕ ಮುಚ್ಚಿ, ಕೂತು ಹೇಳುತ್ತಿದ್ದೆ. 1948ರ ಜನಗಣತಿ ಕಾಯ್ದೆಯ ಪ್ರಕಾರ ಒಬ್ಬರ ವಿವರವನ್ನು ಯಾರೂ ತೆಗೆದು ನೋಡುವ ಹಾಗಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ಬಳಸುವ ಹಾಗಿಲ್ಲ ಅಂತ. ಇಷ್ಟು ಹೇಳಿದ ಮೇಲೆ ಹೆಚ್ಚಿನವರು ನಿಜ ಹೇಳಿದರು.

2027ರ ಗಣತಿ ಮೊಬೈಲಿನಲ್ಲಿ ನಡೆಯುತ್ತದೆ, ಲೆಕ್ಕದ ದಿನ ಮಾರ್ಚ್ 1. ಹೊಸಬರಿಗೆ ನನ್ನದೊಂದು ಕೋರಿಕೆ. ಮನೆಯ ಯಜಮಾನರು ಎಲ್ಲರ ಪರವಾಗಿ ಉತ್ತರ ಹೇಳಲು ಬರುತ್ತಾರೆ. ಹೇಳಲಿ. ಆದರೆ ಹೆಣ್ಣುಮಕ್ಕಳ ಸಾಲಿಗೆ ಬಂದಾಗ ಒಳಗಿರುವವರನ್ನು ಹೊರಗೆ ಕರೆದು, ‘ಮುಂಜಾನೆಯಿಂದ ಸಂಜೀತನಕ ಏನೇನ್ ಮಾಡ್ತೀರವ್ವಾ’ ಅಂತ ಅವರನ್ನೇ ಕೇಳಿ. ಎಲ್ಲ ಕೇಳಿ ಮುಗಿದ ಮೇಲೆ ಗುಂಪು ಆರಿಸಿ.