ಗೇರ್ ಬಾಗಿಲು ಕೂರದಿದ್ದಾಗ ರಾಡ್‌ಗೆ ಕೈ ಹಾಕುವ ಮುಂಚೆ

ಗೇರ್, ಅಂದರೆ ಚಕ್ರದ ಕಾಲುಗಳು, ಮೇಲೆ ಹೋಗಿ ವಿಮಾನ ವೇಗ ಹಿಡಿದ ಮೇಲೆ ಪಾದದ ಕೆಳಗೆ ಸಣ್ಣಗೆ ಒಂದು ನಡುಕ ಶುರುವಾಗುತ್ತಿತ್ತು. ವೇಗ ಇಳಿಸಿದರೆ ಮಾಯ. ಎರಡು ಮೂರು ಹಾರಾಟ ಸುಮ್ನೆ ಬಿಟ್ಟೆ, ಬಿಡಬಾರದಿತ್ತು. ಆಮೇಲೆ ಒಂದು ದಿನ ಇಳಿದ ತಕ್ಷಣ ಹೊಟ್ಟೆಯ ಕೆಳಗೆ ಬಗ್ಗಿ ಟಾರ್ಚ್ ಹಾಕಿ ನೋಡಿದೆ. ಎಡಗಡೆಯ ಚಕ್ರದ ಗೂಡು ಮುಚ್ಚುವ ಒಳ ಬಾಗಿಲಿನ ಹಿಂದಿನ ಅಂಚಿನಲ್ಲಿ, ಅದೂ ಒಳಮೈಗೆ, ಎಣ್ಣೆ ಬೆರೆತ ಕಪ್ಪು ಗೀರು ಇತ್ತು. ಬಾಗಿಲು ಮುಚ್ಚಿಕೊಂಡಿದ್ದರೆ ಗಾಳಿ ಅಲ್ಲಿಗೆ ಹೋಗುವುದೇ ಇಲ್ಲ ಅಲ್ವಾ? ಅಂದರೆ ಹಾರುವಾಗ ಆ ಮೂಲೆ ತೆರೆದುಕೊಳ್ಳುತ್ತಿತ್ತು.

ನನ್ನದು ಒಂದೇ ಎಂಜಿನಿನ ಸಣ್ಣ ವಿಮಾನ, ಗೇರ್ ಎತ್ತಲು ವಿದ್ಯುತ್ ಮೋಟರ್. ಕಾಲು ಮೇಲೆ ಹೋಗುವ ಚಲನೆಯಿಂದಲೇ ಒಂದು ರಾಡ್ ಬಾಗಿಲನ್ನು ಎಳೆದು ಮುಚ್ಚುತ್ತದೆ. ಬಾಗಿಲಿಗೆ ಪ್ರತ್ಯೇಕ ಬೀಗ ಇಲ್ಲ, ಅದನ್ನು ಹಿಡಿದಿಡುವುದು ಆ ರಾಡ್ ಒಂದೇ. ಹಾರುವಾಗ ಹೊರಗಿನ ಗಾಳಿಯ ಒತ್ತಡ ಒಳಗಿನದಕ್ಕಿಂತ ಕಡಿಮೆ ಇರುವ ಕಡೆ ಬಾಗಿಲನ್ನು ಹೊರಕ್ಕೆ ಹೀರುತ್ತದೆ. ಹಾಗಾಗಿ ನೆಲದ ಮೇಲೆ ಸುಮ್ಮನೆ ಮುಚ್ಚಿದ ಹಾಗೆ ಕಂಡರೆ ಸಾಲದು, ಸ್ವಲ್ಪ ಬಿಗಿಯಾಗಿಯೇ ಕೂತಿರಬೇಕು. ಆದರೆ ಬಿಗಿ ಜಾಸ್ತಿಯಾದರೆ ಇನ್ನೊಂದು ಅಪಾಯ, ಅದಕ್ಕೆ ಆಮೇಲೆ ಬರುತ್ತೇನೆ.

ಲೈಸೆನ್ಸ್ ಇರುವ ಎಂಜಿನಿಯರ್ ಒಬ್ಬರ ಜೊತೆ ನಿಂತು ಈ ಕೆಲಸ ಮಾಡಿದೆ. ಅವರ ಸಹಿ ಇಲ್ಲದೆ ಆ ವಿಮಾನ ಹಾರುವುದಿಲ್ಲ, ಮತ್ತು ಇದು ಒಬ್ಬರೇ ಮಾಡುವ ಕೆಲಸವೂ ಅಲ್ಲ. ವಿಮಾನ ಜ್ಯಾಕ್ ಮೇಲೆ, ಬಾಲಕ್ಕೆ ಮ್ಯಾನುಯಲ್ ಹೇಳಿದಷ್ಟು ಭಾರ, ಹೊರಗಿನಿಂದ ಸರಿಯಾದ ವೋಲ್ಟೇಜಿನ ವಿದ್ಯುತ್. ಬರೀ ಬ್ಯಾಟರಿ ನಂಬಿ ಪದೇಪದೇ ಗೇರ್ ಆಡಿಸಿದರೆ ಅದು ಸೋಲುತ್ತಾ ಬರುತ್ತದೆ, ಮೋಟರ್ ನಿಧಾನವಾಗುತ್ತದೆ, ನೀವು ನೋಡುತ್ತಿರುವುದು ಬಾಗಿಲಿನ ತೊಂದರೆಯೋ ಬ್ಯಾಟರಿಯ ತೊಂದರೆಯೋ ಗೊತ್ತಾಗುವುದಿಲ್ಲ. ಒಳಗೆ ಕೂತವರು ಸ್ವಿಚ್ ಮುಟ್ಟುವ ಮುಂಚೆ "ಗೇರ್ ಮೇಲೆ" ಅಂತ ಜೋರಾಗಿ ಕೂಗಬೇಕು, ಕೆಳಗಿದ್ದವರು "ಕೈ ಹೊರಗಿದೆ" ಅಂತ ಉತ್ತರ ಕೊಟ್ಟ ಮೇಲೆಯೇ ಒತ್ತಬೇಕು. ಬಾಗಿಲಿನ ಅಂಚು ಬೆರಳು ಕತ್ತರಿಸುವಷ್ಟು ಜೋರಾಗಿ ಮುಚ್ಚುತ್ತದೆ. ನಾವು ಕೆಳಗೆ ಕೈ ಹಾಕುವಾಗಲೆಲ್ಲ ಮೋಟರಿಗೆ ವಿದ್ಯುತ್ ಕಡಿಯುವ ಬ್ರೇಕರ್ ಎಳೆದಿಡುತ್ತಿದ್ದೆವು.

ಗೇರ್ ಎತ್ತಿ ನೋಡಿದರೆ ಹಿಂದಿನ ಮೂಲೆ ಮೂರು ಮಿಲಿಮೀಟರ್ ಜೋತುಬಿದ್ದಿತ್ತು. ನಾನು ಅಲ್ಲಿಯೇ ತಪ್ಪಿದೆ. ರಾಡ್ ಗಿಡ್ಡ ಮಾಡಿದರೆ ಬಾಗಿಲು ಮೇಲೆ ಹೋಗುತ್ತದೆ ಅಂದುಕೊಂಡು ಲಾಕ್ ನಟ್ ಸಡಿಲಿಸಿ ರಾಡ್ ಎಂಡನ್ನು (ರಾಡಿನ ತುದಿಗೆ ತಿರುಗಿಸಿ ಕೂರಿಸುವ ತುಂಡು) ಎರಡು ಸುತ್ತು ಒಳಕ್ಕೆ ತಿರುಗಿಸಿದೆ. ಮತ್ತೆ ಎತ್ತಿದಾಗ ಬಾಗಿಲು ಚೆನ್ನಾಗಿ ಕೂತಿತು, ಕಣ್ಣಿಗೆ ಗೆರೆ ಎಳೆದ ಹಾಗೆ. ಆದರೆ ಕೊನೆಯ ಕ್ಷಣದಲ್ಲಿ ಮೋಟರಿನ ಸದ್ದು ದಪ್ಪವಾಯಿತು. ಎಂಜಿನಿಯರ್ ಮಾತಾಡಲಿಲ್ಲ. ಟಾರ್ಚನ್ನು ಬಾಗಿಲಿನ ಮೈಗೆ ಅಡ್ಡಲಾಗಿ ಹಿಡಿದು "ಬೆಳಕು ನೋಡಿ" ಅಂದರು. ರಾಡ್ ಹಿಡಿಯುವ ಬ್ರ್ಯಾಕೆಟ್ ಇರುವ ಕಡೆ ತಗಡು ಒಳಕ್ಕೆ ಎಳೆದುಕೊಂಡು ಬೆಳಕಿನ ಗೆರೆ ಅಲ್ಲಿ ಮಾತ್ರ ಸೊಟ್ಟಗಾಗಿತ್ತು. ಹೀಗೆ ಬಿಟ್ಟಿದ್ದರೆ ಅಲ್ಲೇ ಬಿರುಕು ಬರುತ್ತಿತ್ತು. ಅದಕ್ಕಿಂತ ದೊಡ್ಡದೆಂದರೆ ಗೇರ್ ಎತ್ತುವ ಇಡೀ ಸರಪಳಿ ಪ್ರತಿ ಸಲ ಬಾಗಿಲಿನ ಜೊತೆ ಹೊಡೆದಾಡಬೇಕಿತ್ತು, ಒಂದು ದಿನ ಬ್ರೇಕರ್ ಹಾರಿ ಗೇರ್ ಅರ್ಧದಲ್ಲಿ ನಿಲ್ಲಬಹುದಿತ್ತು.

"ರಾಡ್ ಬಿಚ್ಚಿಬಿಡಿ. ಮೊದಲು ಕಾಲು ಒಂದೇ ಆಡಲಿ," ಅಂದರು.

ಇದೇ ಈ ಕೆಲಸದ ನಿಜವಾದ ಮೊದಲ ಹೆಜ್ಜೆ. ಬಾಗಿಲು ಸರಪಳಿಯ ಕೊನೆಯ ಕೊಂಡಿ, ಕಾಲು ಮೇಲೆ ಸರಿಯಾದ ಜಾಗಕ್ಕೆ ಹೋಗದಿದ್ದರೆ ಬಾಗಿಲನ್ನು ಎಷ್ಟು ಹೊಂದಿಸಿದರೂ ಅದು ತಪ್ಪು ಜಾಗಕ್ಕೆ ಹೊಂದಿಸಿದ ಹಾಗೆ. ಇಳಿಯುವಾಗ ಹೊಡೆತ ತಾಳುವ ಶಾಕ್ ಸ್ಟ್ರಟ್‌ನಲ್ಲಿ ಗಾಳಿ ಕಡಿಮೆ ಇದ್ದು ಅದು ಪೂರ್ತಿ ಚಾಚದಿದ್ದರೂ ಚಕ್ರ ಕೂರುವ ಜಾಗ ಬದಲಾಗುತ್ತದೆ, ಅದನ್ನೂ ನೋಡಿದೆವು. ಎರಡೂ ಬಾಗಿಲು ಬಿಚ್ಚಿಟ್ಟು ಗೇರ್ ಐದು ಸಲ ಆಡಿಸಿದೆವು. ಕಾಲುಗಳು ಸರಿ ಇದ್ದವು. ಹಾಗಾದರೆ ತೊಂದರೆ ಬಾಗಿಲಿನಲ್ಲೇ.

ಬಾಗಿಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂಜ್ (ಕೀಲು) ಕಡೆ ಮೇಲೆ ಕೆಳಗೆ ಅಲ್ಲಾಡಿಸಿದೆ. ಮುಂದೆ ಗಟ್ಟಿ. ಹಿಂದೆ ಟಕ್ ಟಕ್. ಅದು ಉದ್ದನೆಯ ಪಿಯಾನೊ ಹಿಂಜ್, ಒಳಗೆ ತಂತಿಯಂಥ ಪಿನ್. ಅದನ್ನು ಎಳೆದು ಅಂಗೈ ಮೇಲೆ ಇಟ್ಟುಕೊಂಡು ನೋಡಿದರೆ ಮುಂದಿನ ಭಾಗ ಬೂದು ಬಣ್ಣದಲ್ಲಿ ನೇರವಾಗಿತ್ತು, ಹಿಂದಿನ ಕಾಲುಭಾಗದಲ್ಲಿ ಮಾತ್ರ ಸಾಲಾಗಿ ಸವೆದು ಹೊಳೆಯುವ ಸಣ್ಣ ಸೊಂಟಗಳು, ಹಿಂಜಿನ ಒಂದೊಂದು ಉಂಗುರಕ್ಕೆ ಒಂದೊಂದು. ಉಂಗುರಗಳ ಸವೆತ ಮಿತಿಯೊಳಗಿತ್ತು, ಹಾಗಾಗಿ ಅದೇ ಪಾರ್ಟ್ ನಂಬರಿನ ಹೊಸ ಪಿನ್ ಸಾಕಾಯಿತು.

ನನ್ನ ಬಾಗಿಲಲ್ಲಿ ಬ್ರ್ಯಾಕೆಟ್ ಹಿಂಜಿನಿಂದ 40 ಮಿಲಿಮೀಟರ್ ದೂರ, ತೆರೆಯುವ ಅಂಚು 200 ದೂರ. ರಾಡ್ ಹಿಡಿದ ಜಾಗ ಅಲ್ಲಾಡುವುದಿಲ್ಲ, ಹಿಂಜ್ ಒಂದು ಮಿಲಿಮೀಟರ್ ಸಡಿಲ ಅಂದರೆ ಅಂಚು ನಾಲ್ಕು ಮಿಲಿಮೀಟರ್ ಇಳಿಯುತ್ತದೆ. ರಾಡ್ ಎಷ್ಟು ಗಿಡ್ಡ ಮಾಡಿದರೂ ಆ ಸಡಿಲ ಹೋಗುವುದಿಲ್ಲ. ಬಾಗಿಲನ್ನು ಬಗ್ಗಿಸಿ ಅದನ್ನು ಮುಚ್ಚಿಡಬಹುದು, ಅಷ್ಟೇ.

ಹೊಸ ಪಿನ್ ಹಾಕಿ ರಾಡನ್ನು ಮೊದಲಿನ ಅಳತೆಗೆ ತಂದ ಮೇಲೆ ಹೊಂದಿಸುವ ಕೆಲಸ ಸುಲಭವಾಯಿತು. ನನ್ನ ರಾಡ್ ಎಂಡಿನಲ್ಲಿ ಇಂಚಿಗೆ 28 ಮರೆ, ಅಂದರೆ ತಿರುಪಿನ ಗೆರೆಗಳು. ಬೋಲ್ಟ್ ನೇರ ಕೂರಬೇಕಾದ್ದರಿಂದ ಅರ್ಧ ಸುತ್ತಿಗಿಂತ ಕಡಿಮೆ ತಿರುಗಿಸಲು ಆಗುವುದಿಲ್ಲ. ಅರ್ಧ ಸುತ್ತು ಅಂದರೆ ರಾಡಿನಲ್ಲಿ 0.45 ಮಿಲಿಮೀಟರ್, ಬಾಗಿಲಿನ ಅಂಚಿನಲ್ಲಿ ಐದು ಪಟ್ಟು, ಹೆಚ್ಚುಕಮ್ಮಿ 2.3. ನಾನು ಮೊದಲು ತಿರುಗಿಸಿದ್ದ ಎರಡು ಸುತ್ತು ಎಷ್ಟಾಯಿತು ಲೆಕ್ಕ ಹಾಕಿ! ಈಗ ಅಂಚು ಸುತ್ತಲೂ ತಾಗಿದ ಮೇಲೆ ಇನ್ನು ಅರ್ಧ ಸುತ್ತು ಮಾತ್ರ ಬಿಗಿ ಮಾಡಿದೆವು, ನಮ್ಮ ಮ್ಯಾನುಯಲ್ ಹೇಳಿದ ಬಿಗಿಗೆ ಅದು ಸರಿಹೋಯಿತು. ನಿಮ್ಮದರಲ್ಲಿ ಬೇರೆ ಇರಬಹುದು, ನಿಮ್ಮ ಮ್ಯಾನುಯಲ್ ನೋಡಿ. ರಾಡಿನ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅದರಲ್ಲಿ ಸೇಫ್ಟಿ ವೈರ್ ತೂರಿಸಿ ನೋಡಬೇಕು, ಒಳಗೆ ಮರೆ ತಡೆದರೆ ಸರಿ. ತಂತಿ ದಾಟಿ ಹೋದರೆ ರಾಡ್ ಎಂಡ್ ಸಾಕಷ್ಟು ಒಳಗಿಲ್ಲ, ಅಲ್ಲಿಗೆ ನಿಲ್ಲಿಸಿಬಿಡಿ.

ಬಾಗಿಲಿನ ಒಳಮೈಗೆ ಮಕ್ಕಳು ಆಡುವ ಮೆದು ಜೇಡಿಯ ಎರಡು ಉಂಡೆ ಅಂಟಿಸಿ ಒಮ್ಮೆ ಗೇರ್ ಎತ್ತಿ ಇಳಿಸಿದೆವು. ಟೈರ್ ಎಷ್ಟು ದೂರ ನಿಲ್ಲುತ್ತದೆ ಅಂತ ಉಂಡೆಯ ದಪ್ಪವೇ ಹೇಳುತ್ತದೆ. ಟೈರ್ ಬದಲಿಸಿದಾಗಲೆಲ್ಲ ಇದನ್ನು ಮಾಡಿ, ಹೊಸ ಟೈರ್ ಹಳೆಯದಕ್ಕಿಂತ ದಪ್ಪ ಇರಬಹುದು. ಈ ಬಾಗಿಲುಗಳ ಕಾಟ ಎಷ್ಟು ಅಂದರೆ ಸೆಸ್ನಾ 210 ಎಂಬ ಸಣ್ಣ ವಿಮಾನದಲ್ಲಿ ಹಿಂದಿನ ಚಕ್ರಗಳ ಬಾಗಿಲುಗಳನ್ನೇ 1979ರ ಮಾದರಿಯಿಂದ ಕೈಬಿಟ್ಟರು.

ಕೊನೆಗೆ ಹತ್ತು ಸಲ ಗೇರ್ ಆಡಿಸಿದೆವು, ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ. ಬಾಗಿಲು ಸೇರಿಸಿದಾಗಲೂ ಬಿಚ್ಚಿದಾಗಲೂ ಮೋಟರ್ ಎಳೆಯುವ ಕರೆಂಟಿನಲ್ಲಿ ಕೊನೆಯ ಕ್ಷಣದ ಸಣ್ಣ ಏರಿಕೆ ಬಿಟ್ಟರೆ ವ್ಯತ್ಯಾಸ ಇರಲಿಲ್ಲ. ತುರ್ತು ವಿಧಾನದಲ್ಲೂ ಗೇರ್ ಇಳಿಸಿ ನೋಡಿದೆವು, ದಯವಿಟ್ಟು ಅದನ್ನು ಬಿಡಬೇಡಿ. ಲಾಕ್ ನಟ್ ಬಿಗಿದು ಅದರ ಮೇಲೂ ರಾಡಿನ ಮೇಲೂ ಸೇರಿಸಿ ಕೆಂಪು ಬಣ್ಣದ ಒಂದು ಗೆರೆ ಎಳೆದೆ, ನಟ್ ತಿರುಗಿದರೆ ಗೆರೆ ಸರಿದು ಗೊತ್ತಾಗುತ್ತದೆ. ಲಾಗ್ ಬುಕ್ ಬರೆದು ಸಹಿ ಆಯಿತು.

ಹಾರುವ ಮುಂಚೆ ಬಾಗಿಲಿನ ಒಳಮೈ ಒರೆಸಿ ಚೊಕ್ಕ ಮಾಡಿದ್ದೆ. ಒಂದು ಗಂಟೆ ಹಾರಿ ಇಳಿದು ಬಗ್ಗಿ ನೋಡಿದರೆ ಹಾಗೆಯೇ ಚೊಕ್ಕ ಇತ್ತು. ಹತ್ತು ಗಂಟೆ ಹಾರಿದ ಮೇಲೆ ಮತ್ತೆ ನೋಡಿದೆ, ಕೆಂಪು ಗೆರೆ ಕೂದಲೆಳೆಯಷ್ಟೂ ಸರಿದಿರಲಿಲ್ಲ.