ಮರಳಿ ಹೋದವರ ಲೆಕ್ಕ

ನಾನು ಗ್ರಂಥಪಾಲಕಿಯಾಗಿರುವ ಸಾರ್ವಜನಿಕ ಗ್ರಂಥಾಲಯದ ಹಳೆಯ ಕಟ್ಟಡ, ನಗರ ಇನ್ನೂ ಚಿಕ್ಕದಾಗಿದ್ದ ಕಾಲದ್ದು. ಸುತ್ತ ಬಡಾವಣೆಗಳು ಬೆಳೆದವು, ಓದುಗರು ಹೆಚ್ಚಿದರು. ಓದುವ ಕೊಠಡಿ ಮಾತ್ರ ಇದ್ದಷ್ಟೇ ಉಳಿಯಿತು. ದೊಡ್ಡ ಕಟ್ಟಡ ಬೇಕೆಂದು ಬರೆದ ಮೊದಲ ಮನವಿಯಲ್ಲಿ ನಾನು ಪುಸ್ತಕಗಳ ಸಂಖ್ಯೆಯನ್ನೂ ಎರವಲಿನ ಲೆಕ್ಕವನ್ನೂ ಕೊಟ್ಟಿದ್ದೆ. ಎರವಲು ಹೆಚ್ಚಿಲ್ಲದಿರುವಾಗ ಜಾಗ ಏಕೆ ಎಂಬ ಟಿಪ್ಪಣಿಯೊಂದಿಗೆ ಅದು ಹಿಂದಿರುಗಿತು.

ಬೇಸರವಾಯಿತು ನಿಜ, ಆದರೆ ಕೊರತೆ ನನ್ನ ಲೆಕ್ಕದಲ್ಲೇ ಇತ್ತು. ಬಾಗಿಲವರೆಗೆ ಬಂದು, ಕೂರಲು ಜಾಗವಿಲ್ಲದೆ ಮರಳಿದವರು ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ. ಆದ್ದರಿಂದ ನಾಲ್ಕು ವಾರಗಳ ಕಾಲ, ಗಂಟೆಗೊಮ್ಮೆ ಪೆನ್ಸಿಲ್ ಹಿಡಿದು ಕೊಠಡಿಯನ್ನು ಸುತ್ತಿ, ಕುಳಿತವರು, ನಿಂತು ಓದುವವರು, ಇಣುಕಿ ಮರಳಿದವರು ಎಂದು ಮೂರು ಅಂಕಣಗಳಲ್ಲಿ ಗೆರೆ ಹಾಕಿದೆ. ಸಂಜೆಯ ಹೊತ್ತು ಮೂರನೆಯ ಅಂಕಣವೇ ಬೇಗ ತುಂಬುತ್ತಿತ್ತು. ಒಬ್ಬ ಹುಡುಗಿ ದಿನವೂ ಮೆಟ್ಟಿಲ ಮೇಲೆ ಕುಳಿತು, ಶಾಲೆಯ ಚೀಲವನ್ನೇ ತೊಡೆಯ ಮೇಲೆ ಮೇಜಿನಂತೆ ಇಟ್ಟುಕೊಂಡು ಲೆಕ್ಕ ಬಿಡಿಸುತ್ತಿದ್ದಳು. ಯಾರಾದರೂ ಹತ್ತಿ ಬಂದಾಗಲೆಲ್ಲ ಎದ್ದು ದಾರಿ ಬಿಟ್ಟು ಮತ್ತೆ ಕೂರುತ್ತಿದ್ದಳು. ಅವಳಿಗಾಗಿ ನಾಲ್ಕನೆಯ ಅಂಕಣ ಎಳೆದೆ.

ಎರಡನೆಯ ಮನವಿಗೆ ಆ ಹಾಳೆಗಳನ್ನೇ ಲಗತ್ತಿಸಿದೆ. ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಭಾರತದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಕೊನೆಯದು. ವಿದ್ಯಾರ್ಥಿಗಳಾಗಿ ಅದನ್ನು ಬಾಯಿಪಾಠ ಮಾಡುವ ನಾವು, ನಕ್ಷೆಯ ಮುಂದೆ ಕುಳಿತಾಗ ಮರೆಯುತ್ತೇವೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 2018ರಲ್ಲಿ ತೆರೆದ ಊಡಿ ಗ್ರಂಥಾಲಯದ ಮೂರು ಅಂತಸ್ತುಗಳಲ್ಲಿ ಪುಸ್ತಕಗಳಿರುವುದು ಮುಖ್ಯವಾಗಿ ಮೇಲಿನದರಲ್ಲಿ; ನಡುವಿನ ಅಂತಸ್ತನ್ನು ಹೊಲಿಗೆ ಯಂತ್ರ, ಸ್ಟುಡಿಯೋ, ಕಾರ್ಯಾಗಾರಗಳಿಗೆ ಬಿಟ್ಟಿದ್ದಾರೆ. ಜನ ಕೂತು ಕೆಲಸ ಮಾಡುವ ಜಾಗವೂ ಗ್ರಂಥಾಲಯದ್ದೇ ಎಂದು ತೋರಿಸಲು ಈ ಉದಾಹರಣೆ ನೆರವಾಯಿತು.

ಮಂಜೂರಾತಿಗೆ ಮುನ್ನ, ಖಾಲಿಯಿರುವ ಕಚೇರಿಯ ಮೇಲಂತಸ್ತಿಗೆ ಹೋಗಿ ಎಂಬ ಸಲಹೆ ಬಂದಿತ್ತು. ನಾನು ಒಪ್ಪಲಿಲ್ಲ. ಒತ್ತಾಗಿ ಜೋಡಿಸಿದ ಪುಸ್ತಕದ ಕಪಾಟುಗಳಿಗೆ, ಸಾಮಾನ್ಯ ಕಚೇರಿಯ ನೆಲ ಹೊರುವುದಕ್ಕಿಂತ ಸುಮಾರು ಎರಡು ಪಟ್ಟು ಇಲ್ಲವೇ ಅದಕ್ಕೂ ಹೆಚ್ಚು ಭಾರ ತಾಳುವ ನೆಲ ಬೇಕಾಗುತ್ತದೆ. ಹೊಸ ಕಟ್ಟಡದಲ್ಲಿ ಭಾರದ ಸಂಗ್ರಹವನ್ನು ನೆಲಮಹಡಿಯಲ್ಲಿಟ್ಟು, ಓದುವ ಮೇಜುಗಳನ್ನು ಕಿಟಕಿಗಳ ಉದ್ದಕ್ಕೂ ಹಾಕಿಸಿದೆವು. ಮಕ್ಕಳ ವಿಭಾಗವನ್ನು ಮೌನ ಕೊಠಡಿಯಿಂದ ದೂರವಿಟ್ಟೆವು. ಕಪಾಟುಗಳ ನಡುವೆ ಗಾಲಿಕುರ್ಚಿ ತಿರುಗುವಷ್ಟು ಅಗಲ ಬಿಡುವ ವಿಷಯದಲ್ಲಿ ನಾನು ಒಂದು ಅಂಗುಲವನ್ನೂ ಬಿಟ್ಟುಕೊಡಲಿಲ್ಲ.

ಎಣಿಕೆ ಈಗಲೂ ನಡೆದಿದೆ. ಪರೀಕ್ಷೆಯ ತಿಂಗಳುಗಳಲ್ಲಿ ಮೂರನೆಯ ಅಂಕಣದಲ್ಲಿ ಮತ್ತೆ ಗೆರೆಗಳು ಕಾಣಿಸಿಕೊಳ್ಳುತ್ತಿವೆ. ಆ ಹಾಳೆಗಳನ್ನೂ ಕಡತಕ್ಕೆ ಸೇರಿಸುತ್ತಿದ್ದೇನೆ.